ಆಟದ ರಂಗಸ್ಥಳಕ್ಕೆ ನಿಸ್ತಂತು ದೀಪ: ಯಾವುದು ಕಡ್ಡಾಯ, ಯಾವುದು ಇದ್ದರೆ ಒಳ್ಳೆಯದು

ಕುಂಬಳೆಯ ಆಸುಪಾಸಿನಲ್ಲಿ ಶಾಮಿಯಾನ, ಧ್ವನಿ, ಬೆಳಕಿನ ವ್ಯವಸ್ಥೆ ನೋಡಿಕೊಳ್ಳುವ ನನ್ನ ಭಾವನಿಗಾಗಿ, ಯಕ್ಷಗಾನ ಬಯಲಾಟಕ್ಕೆ ಒಗ್ಗುವ ಎಂಟು ನಿಸ್ತಂತು (ಅಂದರೆ ಆಜ್ಞೆಗಳನ್ನು ತಂತಿಯಿಲ್ಲದೆ ಪಡೆಯುವ) ಎಲ್‌ಇಡಿ ದೀಪಗಳನ್ನು ನಾವೇ ಜೋಡಿಸುವುದೆಂದು ಈ ಮಳೆಗಾಲದಲ್ಲಿ ನಿರ್ಧರಿಸಿದ್ದೇವೆ. ಪತ್ತನಾಜೆ ಕಳೆದು ಮೇಳಗಳ ತಿರುಗಾಟ ನಿಂತಿರುವುದರಿಂದ ಯೋಚಿಸಲು ಸಮಯವಿದೆ. ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆದು ಎಡಕ್ಕೆ ‘ಕಡ್ಡಾಯ’, ಬಲಕ್ಕೆ ‘ಇದ್ದರೆ ಒಳ್ಳೆಯದು’ ಎಂದು ಬರೆದೆವು. ಎಡಭಾಗ ಮೊದಲ ದಿನವೇ ತುಂಬಿಹೋದುದರಿಂದ, ಅದಿಲ್ಲದಿದ್ದರೆ ನಡುರಾತ್ರಿ ಆಟ ಕೆಡುತ್ತದೆಯೇ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಎಲ್ಲವನ್ನೂ ಮತ್ತೆ ನೋಡಬೇಕಾಯಿತು.

ಈ ಪ್ರಶ್ನೆಯನ್ನು ಕಲಿಸಿದ್ದು ಕಳೆದ ತಿರುಗಾಟದ ಒಂದು ರಾತ್ರಿ. ಬಾಡಿಗೆಗೆ ತಂದ ನಿಸ್ತಂತು ರಿಸೀವರುಗಳು ಮಧ್ಯಾಹ್ನದ ಪರೀಕ್ಷೆಯಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ರಾತ್ರಿ ಮಹಿಷಾಸುರ ದೊಂದಿಗಳ ನಡುವೆ ಸಭೆಯ ಹಿಂದಿನಿಂದ ಆರ್ಭಟಿಸುತ್ತ ಬಂದಾಗ ಜನರೆಲ್ಲ ಎದ್ದು ನಿಂತು ಮೊಬೈಲ್ ಎತ್ತಿದರು. ಬಲಬದಿಯ ಎರಡು ದೀಪಗಳು ಆ ಕ್ಷಣದಲ್ಲೇ ಆರಿದವು. ಚೆಂಡೆ ನಿಲ್ಲಲಿಲ್ಲ, ಆದರೆ ರಂಗಸ್ಥಳ ತಲುಪಿದ ವೇಷದ ಅರ್ಧ ಮುಖ ಕತ್ತಲಲ್ಲಿತ್ತು.

ಕಾರಣ ಆಮೇಲೆ ಹೊಳೆಯಿತು. ಈ ಉಪಕರಣಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಹೀರಿಕೊಳ್ಳುತ್ತದೆ, ಮನುಷ್ಯನ ದೇಹದಲ್ಲಿ ಹೆಚ್ಚಿನದು ನೀರೇ; ನಮ್ಮ ಟ್ರಾನ್ಸ್‌ಮಿಟರ್ ಜನರ ಹಿಂದೆ, ಸೊಂಟದ ಎತ್ತರದ ಮೇಜಿನ ಮೇಲಿತ್ತು. ಸಾಲದೆಂಬಂತೆ ಸಭೆಯ ವೈಫೈ, ಬ್ಲೂಟೂತ್ ಕೂಡ ಇದೇ ತರಂಗಪಟ್ಟಿಯಲ್ಲಿ ಓಡಾಡುತ್ತವೆ. ಆದ್ದರಿಂದ ವೈಫೈ ಗಿಜಿಗುಡುವ ಜಾಗ ತಪ್ಪಿಸಿ ತರಂಗಾಂತರ ಬದಲಿಸುತ್ತ ಸಾಗುವ ರೇಡಿಯೊ ಮಾಡ್ಯೂಲ್ ಮತ್ತು ಅಲ್ಯೂಮಿನಿಯಂ ಡಬ್ಬಿಯ ಹೊರಗೆ ನಿಲ್ಲುವ ಆಂಟೆನಾ ಕಡ್ಡಾಯವಾದವು. ಟ್ರಾನ್ಸ್‌ಮಿಟರನ್ನು ತಲೆಗಳಿಗಿಂತ ಎತ್ತರದ ಅಡಿಕೆ ಕಂಬಕ್ಕೆ ಕಟ್ಟುವುದಕ್ಕೆ ಮಾತ್ರ ಯಾವ ಮಾಡ್ಯೂಲೂ ಬೇಡ.

ಅದಕ್ಕಿಂತ ಮುಖ್ಯವಾದುದು, ಸಿಗ್ನಲ್ ಕಡಿದಾಗ ದೀಪ ಏನು ಮಾಡಬೇಕು ಎಂಬುದು. ಹೊಗೆಯಂತ್ರವಾದರೆ ಕೂಡಲೇ ನಿಲ್ಲಬೇಕು. ರಂಗಸ್ಥಳದ ದೀಪ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ಉರಿಯುತ್ತಿರಬೇಕು. ಕರೆಂಟು ಹೋಗಿ ಜನರೇಟರಿಗೆ ಬದಲಾದಾಗಲೂ, ದೀಪಗಳನ್ನು ನಿಯಂತ್ರಿಸುವ ಕನ್ಸೋಲಿನ ಮಾತಿಗೆ ಕಾಯದೆ, ಮೊದಲಿದ್ದ ಬೆಳಕಿಗೆ ತಾನಾಗಿ ಮರಳಬೇಕು. ಇದು ನಾಲ್ಕು ಸಾಲಿನ ಪ್ರೋಗ್ರಾಂ. ಆದರೂ ಅಗ್ಗದ ದೀಪಗಳಲ್ಲಿ ಇದನ್ನೇ ಮರೆತಿರುತ್ತಾರೆ. ದೀಪಗಳಿಗೆ ತಂತಿಯಲ್ಲೇ ಆಜ್ಞೆ ಕಳಿಸುವ ಡಿಎಂಎಕ್ಸ್ ಪದ್ಧತಿಯ ಕಿಂಡಿಯೂ ಎಡಭಾಗದಲ್ಲೇ ಉಳಿಯಿತು. 1986ರಲ್ಲಿ ರೂಪುಗೊಂಡ ಆ ಪದ್ಧತಿ ಒಂದೇ ಕೇಬಲ್ಲಿನಲ್ಲಿ 512 ಚಾನೆಲ್ಲುಗಳನ್ನು ಕಳಿಸುತ್ತದೆ, ನಿಸ್ತಂತು ಕೈಕೊಟ್ಟ ರಾತ್ರಿ ಅದೇ ಗತಿ.

ಜೋಡಾಟ ಇನ್ನೊಂದು ಕಡ್ಡಾಯವನ್ನು ತಂದಿತು. ಒಂದೇ ಬಯಲಿನಲ್ಲಿ ಎರಡು ಮೇಳಗಳು ಪೈಪೋಟಿಯಲ್ಲಿ ಕುಣಿಯುವಾಗ ಪಕ್ಕದ ರಂಗಸ್ಥಳದ ಕನ್ಸೋಲ್ ನಮ್ಮ ದೀಪವನ್ನು ಆಳತೊಡಗಿದರೆ ಜಗಳವೇ ಆದೀತು. ಹಾಗಾಗಿ ಒಮ್ಮೆ ಜೋಡಿಸಿದ ಟ್ರಾನ್ಸ್‌ಮಿಟರನ್ನು ಬಿಟ್ಟು ಬೇರೆಯದಕ್ಕೆ ಓಗೊಡದ ಬೀಗ ಬೇಕು.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದು. ಕೆಂಪು, ಹಸಿರು, ನೀಲಿ ಸೇರಿಸಿ ಬರುವ ಬಿಳಿಯಲ್ಲಿ ಮುಖವರ್ಣಿಕೆ ಸತ್ತಂತೆ ಕಾಣುತ್ತದೆ, ಕಿರೀಟದ ಬೇಗಡೆ ತಗಡಾಗುತ್ತದೆ. ದೊಂದಿ, ಗ್ಯಾಸ್‌ಲೈಟುಗಳ ಕೆಳಗೆ ಬೆಳೆದ ವೇಷಕ್ಕೆ 2700 ಕೆಲ್ವಿನ್ನಿನ, ಕೆಂಪನ್ನು ಸರಿಯಾಗಿ ತೋರಿಸುವ ಬೆಚ್ಚನೆಯ ಬಿಳಿ ಕಡ್ಡಾಯ. ಮೂರು ಬಣ್ಣಗಳ ಆಟ ಬಲಭಾಗಕ್ಕೆ ಹೋಯಿತು. ಎಲ್‌ಇಡಿಯನ್ನು ಮಂದಗೊಳಿಸಲು ಅದನ್ನು ವೇಗವಾಗಿ ಆರಿಸಿ ಹೊತ್ತಿಸುವುದು ರೂಢಿ. ಕಣ್ಣಿಗೆ ಸೆಕೆಂಡಿಗೆ ಕೆಲವು ನೂರು ಸಲವಾದರೆ ಸಾಕು, ಆದರೆ ನೇರಪ್ರಸಾರದ ಕ್ಯಾಮೆರಾದಲ್ಲಿ ಕಪ್ಪು ಪಟ್ಟೆಗಳು ಓಡುವುದರಿಂದ ಆ ವೇಗ ಹಲವು ಸಾವಿರಕ್ಕೆ ಏರಬೇಕು. ಫ್ಯಾನು ಬೇಡವೇ ಬೇಡ: ತಾಳಮದ್ದಳೆಯಲ್ಲಿ ಅದರ ಸದ್ದು ಕಿರಿಕಿರಿ, ಬಯಲಲ್ಲಿ ಅದು ಹುಳುಗಳ ಗೋರಿ.

ಬ್ಯಾಟರಿಯ ಆಸೆ ಲೆಕ್ಕ ಹಾಕಿದೊಡನೆ ಇಳಿಯಿತು. 60 ವಾಟಿನ ದೀಪ ಹತ್ತು ಗಂಟೆ ಉರಿಯಲು 600 ವಾಟ್-ಅವರ್ ಬೇಕು, ಅಂದರೆ ಪ್ರತಿ ದೀಪಕ್ಕೂ ನಾಲ್ಕೈದು ಕಿಲೋ ಹೆಚ್ಚುವರಿ ತೂಕ. ಮೊಬೈಲ್ ಆ್ಯಪ್ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ದೀಪದ ವಿಳಾಸವನ್ನು (ಅದು ಯಾವ ಚಾನೆಲ್ಲಿಗೆ ಓಗೊಡಬೇಕೆಂಬ ಸಂಖ್ಯೆಯನ್ನು) ದೂರದಿಂದಲೇ ಓದಿ ಬದಲಿಸುವ ಆರ್‌ಡಿಎಂ ಸೌಲಭ್ಯದ ಬಗ್ಗೆ ಮಾತ್ರ ಚರ್ಚೆ ಬೆಳೆಯಿತು. ಅದಕ್ಕೆ ದೀಪವೂ ಮರುತ್ತರ ಕೊಡಬಲ್ಲ ದುಬಾರಿ ಮಾಡ್ಯೂಲ್ ಬೇಕಾಗುವುದರಿಂದ, ದೀಪದ ಹಿಂಬದಿಯ ಗುಂಡಿಗಳೇ ಸಾಕೆಂದು ನಾನು ಅದನ್ನು ಬಲಕ್ಕೆ ಬರೆದಿದ್ದೆ. ಭಾವ ಕನ್ನಡಕ ಏರಿಸಿ ಆ ಸಾಲನ್ನು ನೋಡಿದ. “ಮಂಜು ಬಿದ್ದ ಏಣಿಯನ್ನು ರಾತ್ರಿ ಎರಡು ಗಂಟೆಗೆ ಹತ್ತುವುದು ಯಾರು ಭಾವ, ನೀನೋ ನಾನೋ?” ಎಂದು ಕೇಳಿದ. ನಾನು ಅದನ್ನು ಹೊಡೆದುಹಾಕಿ ಎಡಕ್ಕೆ ಬರೆದೆ.