ಮೂರು ಪಟ್ಟಿಗಳು, ಒಂದೇ ವಾರ

ಸಂಸ್ಥೆಯ ಮಟ್ಟದಲ್ಲಿ ವರ್ಷದ ಗುರಿ, ಉತ್ಪನ್ನದ ಮಟ್ಟದಲ್ಲಿ ಮೂರು ತಿಂಗಳ ಯೋಜನೆ, ತಂಡದ ಮಟ್ಟದಲ್ಲಿ ಎರಡು ವಾರದ ಸ್ಪ್ರಿಂಟ್, ಅಂದರೆ ಅಷ್ಟರೊಳಗೆ ಮುಗಿಸಬೇಕಾದ ಕೆಲಸಗಳ ಸುತ್ತು. ಈ ಮೂರೂ ಕಾಗದದ ಮೇಲೆ ಒಂದರೊಳಗೊಂದು ಅಚ್ಚುಕಟ್ಟಾಗಿ ಕೂರುತ್ತವೆಯಾದರೂ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಕುಳಿತಾಗ ಒಂದು ಇನ್ನೊಂದನ್ನು ಎಳೆದಾಡತೊಡಗುತ್ತವೆ.

ಕೆಲವು ತಿಂಗಳ ಹಿಂದೆ ನಮ್ಮ ಸಾಫ್ಟ್‌ವೇರ್ ತಂಡದಲ್ಲಿ ಆದದ್ದೂ ಇದೇ. ಹೊಸ ಬಳಕೆದಾರರನ್ನು ಸೇರಿಸುವುದೇ ಮೇಲಿನ ಗುರಿಯಾಗಿದ್ದರಿಂದ ನೋಂದಣಿ ಪುಟವನ್ನು ಹೊಸದಾಗಿ ಕಟ್ಟುತ್ತಿದ್ದೆವು; ಅದೇ ಹೊತ್ತಿಗೆ, ಪಾಸ್‌ವರ್ಡ್ ಮರೆತವರಿಗೆ ಹೋಗಬೇಕಿದ್ದ ಓಟಿಪಿ ತಲುಪುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತಿತ್ತು. ಆ ದೋಷವನ್ನು ದಾಖಲಿಸಿದ್ದ ಟಿಕೆಟ್ ಐದು ಸ್ಪ್ರಿಂಟ್‌ಗಳ ಕಾಲ ‘ಮಧ್ಯಮ’ ಆದ್ಯತೆ ಎಂಬ ಹಣೆಪಟ್ಟಿ ಹೊತ್ತು ಬ್ಯಾಕ್‌ಲಾಗ್‌ನ (ಮಾಡಬೇಕಾದ ಕೆಲಸಗಳ ಪಟ್ಟಿಯ) ತಳದಲ್ಲಿ ಬಿದ್ದಿತ್ತು, ಏಕೆಂದರೆ ಹಳೆಯ ಬಳಕೆದಾರರನ್ನು ಉಳಿಸಿಕೊಳ್ಳಬೇಕೆಂದು ಯಾರ ಗುರಿಯಲ್ಲೂ ಬರೆದಿರಲಿಲ್ಲ. (ಆ ಹಣೆಪಟ್ಟಿ ಹಚ್ಚಿದವನು ನಾನೇ ಎಂಬುದನ್ನೂ ಹೇಳಿಬಿಡಬೇಕು.)

ಹೀಗೆ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ವಿಧಾನವಾದ ಸ್ಕ್ರಮ್‌ನ ಮಾರ್ಗದರ್ಶಿಯ 2020ರ ಆವೃತ್ತಿಯು ‘ಉತ್ಪನ್ನದ ಗುರಿ’ ಎಂಬುದನ್ನು ಸೇರಿಸಿ ಬ್ಯಾಕ್‌ಲಾಗನ್ನು ಅದಕ್ಕೆ ಜೋಡಿಸಿತು. ಅದು ಒಳ್ಳೆಯ ಹೆಜ್ಜೆಯೇ. ಆದರೆ ಗುರಿ ಮೇಲಿನಿಂದ ಇಳಿಯುವ ದಾರಿಯಷ್ಟೇ ಸುದ್ದಿ ಕೆಳಗಿನಿಂದ ಏರುವ ದಾರಿಯೂ ಮುಖ್ಯವೆಂಬುದು ನನ್ನ ಅಭಿಪ್ರಾಯ. ಈಗ ನಾವು ಪ್ರತಿ ಕೆಲಸದ ಮುಂದೆ, ಅದನ್ನು ತಡಮಾಡಿದರೆ ಆಗುವ ನಷ್ಟವನ್ನೂ ಮಾಡಲು ತಗಲುವ ಶ್ರಮವನ್ನೂ ಬರೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡುತ್ತೇವೆ. ಅಂಕಿಗಳೆಲ್ಲ ಅಂದಾಜಿನವೇ. ಆದರೂ ಆ ಲೆಕ್ಕದಲ್ಲಿ ಓಟಿಪಿಯ ಟಿಕೆಟ್ ನೋಂದಣಿ ಪುಟದ ಬಣ್ಣಗಳ ಚರ್ಚೆಗಿಂತ ಎಷ್ಟೋ ಮೇಲೆ ಬಂದು ಕುಳಿತಿತು, ಮತ್ತು ಅದನ್ನು ಸರಿಪಡಿಸಲು ಹಿಡಿದದ್ದು ಒಂದೂವರೆ ದಿನ.