ಜಾಕಿ ಒಂದನ್ನೇ ಕೊಡುವುದಿಲ್ಲ

ಆಯುಧಪೂಜೆ ಹತ್ತಿರ ಬಂತೆಂದರೆ ನಿಟುವಳ್ಳಿಯ ನಮ್ಮ ಬೀದಿಯಲ್ಲಿ ಗಾಡಿಯ ಅಡಿ ಮಲಗುವವರು ಹೆಚ್ಚುತ್ತಾರೆ. ಒಬ್ಬರು ಸೈಲೆನ್ಸರ್ ಬಿಗಿ ಮಾಡುತ್ತಾರೆ, ಇನ್ನೊಬ್ಬರು ತಳಕ್ಕೆ ಬಣ್ಣ ಬಳಿಯುತ್ತಾರೆ. ನನ್ನ ಹತ್ತಿರ ಹೈಡ್ರಾಲಿಕ್ ಜಾಕಿ ಇರುವುದು ಎಲ್ಲರಿಗೂ ಗೊತ್ತು, ಕೇಳಿಕೊಂಡು ಬರುತ್ತಾರೆ. ಕೊಡುತ್ತೇನೆ, ಆದರೆ ಜೊತೆಗೆ ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಎರಡು ಉಕ್ಕಿನ ಸ್ಟ್ಯಾಂಡುಗಳನ್ನೂ ಒಯ್ಯಬೇಕು. "ಐದು ನಿಮಿಷದ ಕೆಲಸ ಅಕ್ಕಾ, ಜಾಕಿ ಸಾಕು" ಎಂದವರಿಗೆ ಜಾಕಿಯೂ ಇಲ್ಲ. ಇದಕ್ಕಾಗಿ ಒಂದಿಬ್ಬರು ಮುನಿಸಿಕೊಂಡಿದ್ದಾರೆ. ಮುನಿಸಿಕೊಳ್ಳಲಿ.

ಖಡಕ್ ರೊಟ್ಟಿ, ಚಟ್ನಿಪುಡಿಗಳನ್ನು ಅಂಗಡಿಗಳಿಗೆ ಹಾಕಲು ನಾನು ಓಮ್ನಿ ಓಡಿಸುತ್ತೇನೆ. 2019ರಲ್ಲಿ ಆ ಗಾಡಿಯ ತಯಾರಿಕೆಯೇ ನಿಂತುಹೋಯಿತು. ಆದರೂ ಹೊತ್ತುಹೊತ್ತಿಗೆ ಆಯಿಲ್ ಬದಲಿಸಿದರೆ ಇನ್ನೂ ದುಡಿಯುತ್ತದೆ. ಅದರ ಎಂಜಿನ್ ಇರುವುದು ಮುಂದಿನ ಸೀಟುಗಳ ಅಡಿ. ಆಯಿಲ್ ಇಳಿಸುವ ಬೋಲ್ಟಿಗೆ ಕೈ ಎಟುಕಬೇಕಾದರೆ ತಲೆ, ಎದೆ ಎರಡೂ ಒಳಗೆ ಹೋಗಬೇಕು. ಮೇಲಿರುವುದು ಸುಮಾರು ಎಂಟು ಕ್ವಿಂಟಲ್ ತೂಕದ ಗಾಡಿ.

ಈ ಕೆಲಸ ಕಲಿಸಿದವನು ನಮ್ಮಣ್ಣ, ಪಿ.ಬಿ. ರಸ್ತೆಯ ಲಾರಿ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಜಾಕಿಯ ಹೊಳೆಯುವ ಪಿಸ್ಟನ್ ಬುಡದಲ್ಲಿ ಎಣ್ಣೆಯ ತೆಳುವಾದ ಉಂಗುರ, ಅದಕ್ಕೆ ಮೆತ್ತಿದ ಧೂಳು ಕಂಡರೆ ಒಳಗಿನ ಸೀಲ್ ಸವೆಯುತ್ತಿದೆ ಎಂದು ತಿಳಿ ಎಂದು ಮೊದಲ ದಿನವೇ ಬೆರಳಿಟ್ಟು ತೋರಿಸಿದ್ದ. ಎತ್ತಿದ ಭಾರವನ್ನೆಲ್ಲ ಆ ಸೀಲ್ ಹಿಡಿದಿಟ್ಟ ಒಂದಿಷ್ಟು ಎಣ್ಣೆಯೇ ಹೊರುತ್ತದೆ. ಸೀಲ್ ಬಿಟ್ಟುಕೊಟ್ಟರೂ, ಇಳಿಸುವ ತಿರುಪು ಅರಿಯದೆ ಸಡಿಲವಾದರೂ ಗಾಡಿ ಕೂತುಬಿಡುತ್ತದೆ. ಸ್ಟ್ಯಾಂಡಿನಲ್ಲಿ ಸೋರುವಂಥದ್ದು ಏನೂ ಇಲ್ಲ, ಬರೀ ಉಕ್ಕು. ಅದರ ಎತ್ತರವನ್ನು ಹಿಡಿದಿಡುವ ಹಲ್ಲು ಪೂರ್ತಿ ಕಚ್ಚಿಕೊಂಡಿದೆಯೇ ಎಂದು ಬಗ್ಗಿ ನೋಡಬೇಕು, ಕಟ್ ಎಂದು ಸದ್ದಾದರೆ ಸಾಲದು. ಗಾಡಿಯ ಪುಸ್ತಕದಲ್ಲಿ ತೋರಿಸಿದ ಗಟ್ಟಿ ಜಾಗಕ್ಕೇ ಸ್ಟ್ಯಾಂಡ್ ಕೊಡಬೇಕು, ತಗಡಿಗೆ ಕೊಟ್ಟರೆ ಒಳಕ್ಕೆ ನುಗ್ಗುತ್ತದೆ.

ಸ್ಟ್ಯಾಂಡಿನ ಬದಲು ಸಿಮೆಂಟ್ ಬ್ಲಾಕ್ ಜೋಡಿಸುವವರನ್ನು ಕಂಡರೆ ನನ್ನ ಎದೆ ಝಲ್ಲೆನ್ನುತ್ತದೆ. ಗೋಡೆಯಲ್ಲಿ ಭಾರ ಸಮನಾಗಿ ಹರಡಿರುತ್ತದೆ, ಬ್ಲಾಕ್ ತಡೆಯುತ್ತದೆ. ಒಂದೇ ಕಡೆ ಕಬ್ಬಿಣ ಒತ್ತಿದರೆ ಸುಳಿವೇ ಕೊಡದೆ ಒಡೆದು ಹೋಳಾಗುತ್ತದೆ. ಇಟ್ಟಿಗೆಯೂ ಅಷ್ಟೇ.

ಇನ್ನು ಜಾಗ. ನಮ್ಮ ಕಡೆ ಬಹಳ ಜನ ಮನೆಯ ಮುಂದೆ ಚರಂಡಿಗೆ ಹಾಸಿದ ಚಪ್ಪಡಿಯ ಮೇಲೆಯೇ ಗಾಡಿ ಎತ್ತುತ್ತಾರೆ. ಚಪ್ಪಡಿಯ ಕೆಳಗೆ ಟೊಳ್ಳು, ಅದರಾಚೆ ಇಳಿಜಾರು. ಪಕ್ಕದ ಖಾಲಿ ಸೈಟಿಗೆ ಹೋದರೆ ಎರೆಮಣ್ಣು, ಮಳೆ ಬಿದ್ದಿದ್ದರೆ ಸ್ಟ್ಯಾಂಡಿನ ಕಾಲನ್ನೇ ನುಂಗುತ್ತದೆ. ಏಪ್ರಿಲ್ ಬಿಸಿಲಿಗೆ ಡಾಂಬರು ಸಹ ಮೆತ್ತಗಾಗುತ್ತದೆ. ಸಮತಟ್ಟಾದ ಕಾಂಕ್ರೀಟ್ ನೆಲ ಸಿಗದಿದ್ದರೆ ಕೆಲಸವನ್ನೇ ಮುಂದೆ ಹಾಕುತ್ತೇನೆ.

ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ, ಗೇರಿನಲ್ಲೂ ಇಟ್ಟಿದ್ದೇನೆ ಎಂದು ಧೈರ್ಯವಾಗಿರುವವರು ಇದನ್ನು ಗಮನಿಸಬೇಕು. ಓಮ್ನಿಯಲ್ಲಿ ಇವೆರಡೂ ತಡೆಯುವುದು ಹಿಂದಿನ ಚಕ್ರಗಳನ್ನೇ. ಹಿಂಭಾಗ ಮೇಲೆದ್ದ ಮೇಲೆ ಎರಡೂ ಇದ್ದೂ ಇಲ್ಲದಂತೆ, ನೆಲದಲ್ಲಿರುವ ಮುಂದಿನ ಚಕ್ರಗಳು ಸಲೀಸಾಗಿ ಉರುಳುತ್ತವೆ. ಅದಕ್ಕೇ ಯಾವ ಭಾಗ ಎತ್ತಿದರೂ ನೆಲದಲ್ಲಿ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಮರದ ಬೆಣೆ ಹೊಡೆಯುತ್ತೇನೆ. ಸ್ಟ್ಯಾಂಡಿನ ಮೇಲೆ ಇಳಿಸಿದ ಬಳಿಕ ಪಕ್ಕದಿಂದ ಜೋರಾಗಿ ತಳ್ಳಿ ನೋಡುತ್ತೇನೆ. ಬೀಳುವುದಿದ್ದರೆ ನಾನು ಹೊರಗಿರುವಾಗಲೇ ಬೀಳಲಿ. ಆಮೇಲೆ ಸ್ಟೆಪ್ನಿಯನ್ನು ತಳದ ಅಡಿ ಅಡ್ಡ ಮಲಗಿಸಿ, ನಂತರವೇ ಒಳಗೆ ಹೋಗುವುದು.

ಒಳಗಿರುವಷ್ಟು ಹೊತ್ತೂ ಮಗಳು ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಗಾಡಿ ಕುಸಿದರೆ ನನ್ನ ಕಾಲು ಹಿಡಿದು ಎಳೆಯಲು ಬರಬೇಡ, ಜನರನ್ನು ಕೂಗು, ಜಾಕಿ ಕೊಟ್ಟು ಭಾರ ಎತ್ತು, 108ಕ್ಕೆ ಫೋನ್ ಮಾಡು ಎಂದು ಹೇಳಿಕೊಟ್ಟಿದ್ದೇನೆ. ಜಾಕಿ ಎಲ್ಲಿ ಕೊಡಬೇಕು, ಹಿಡಿಯನ್ನು ಹೇಗೆ ಒತ್ತಬೇಕು ಎಂಬುದನ್ನು ಅವಳ ಕೈಯಿಂದಲೇ ಮಾಡಿಸಿ ನೋಡಿದ್ದೇನೆ.