ಒಂದು ತಾಸಿನ ಪುಸ್ತಕಕ್ಕೆ ಮೂರು ದಿನದ ರಜೆ

ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ, ಕೇಳುವ ದನಿ ಮಾತ್ರ ಬೇರೆ ಬೇರೆ. ಕಚೇರಿಯ ಗೆಳೆಯರು ನಗುತ್ತ ಕೇಳುತ್ತಾರೆ. ಅತ್ತಿಗೆ ಬೇಸರದಿಂದ ಕೇಳುತ್ತಾರೆ. ಅಣ್ಣನ ಮಗಳು ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳುತ್ತಾಳೆ: "ಕಾಕಾ, ಒಂದು ತಾಸಿನಲ್ಲಿ ಮುಗಿಯುವ ಚಿತ್ರದ ಪುಸ್ತಕಕ್ಕೆ ಮೂರು ದಿನದ ರಜೆ ಯಾಕೆ ಬೇಕು?" ಕಲಬುರಗಿಯಲ್ಲಿ ಸಾಲು ರಜೆ ಬಂತೆಂದರೆ ಜನ ಊರಿಗೆ, ಹೊಲಕ್ಕೆ, ಗಾಣಗಾಪುರಕ್ಕೆ, ಹೈದರಾಬಾದಿಗೆ ಹೊರಡುತ್ತಾರೆ. ನಾನು ಓದದೆ ಉಳಿದ ಕಾಮಿಕ್ಸ್ ಮತ್ತು ಗ್ರಾಫಿಕ್ ಕಾದಂಬರಿಗಳ, ಅಂದರೆ ಚಿತ್ರಗಳಲ್ಲೇ ಹೇಳುವ ಕಾದಂಬರಿಗಳ, ಬಾಕಿ ತೀರಿಸುತ್ತ ಮನೆಯಲ್ಲಿ ಕೂರುತ್ತೇನೆ. ಅದಕ್ಕೇ ಈ ವಿಚಾರಣೆ.

ಒಂದು ತಾಸಿನಲ್ಲಿ ಮುಗಿಯುವುದು ಅದರೊಳಗಿನ ಅಕ್ಷರ ಮಾತ್ರ. ಇನ್ನೂರು ಪುಟದ ಗ್ರಾಫಿಕ್ ಕಾದಂಬರಿಯ ಮಾತುಗಳನ್ನೆಲ್ಲ ಬೇರ್ಪಡಿಸಿ ಬರೆದರೆ ಒಂದು ದೊಡ್ಡ ಸಣ್ಣಕತೆಯಷ್ಟು ಆದೀತು, ಅಷ್ಟೆ. ಅದನ್ನು ಓದಿ ಮುಚ್ಚಿಟ್ಟರೆ ನಾಟಕದ ಸಂಭಾಷಣೆಯನ್ನು ಓದಿ ನಾಟಕ ನೋಡಿ ಬಂದೆ ಎಂದಂತೆ. ಉಳಿದ ಕೆಲಸ ಚಿತ್ರದಲ್ಲಿದೆ. ಅದಕ್ಕಿಂತ ಹೆಚ್ಚು, ಎರಡು ಚಿತ್ರಗಳ ನಡುವಿನ ಖಾಲಿ ಜಾಗದಲ್ಲಿದೆ. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಾಮಿಕ್ಸ್ ರೂಪದಲ್ಲೇ ವಿವರಿಸಿದರು. ಅವರು ಕೊಡುವ ಉದಾಹರಣೆ ಇದು: ಒಂದು ಚೌಕಟ್ಟಿನಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ. ಮುಂದಿನ ಚೌಕಟ್ಟಿನಲ್ಲಿ ರಾತ್ರಿಯ ನಗರ, ಒಂದು ಚೀತ್ಕಾರ. ಕೊಡಲಿ ಬಿದ್ದದ್ದನ್ನು ಯಾರೂ ಬರೆದಿಲ್ಲ. ಎರಡು ಚಿತ್ರಗಳ ನಡುವಿನ ಬಿಳಿ ಪಟ್ಟಿಯಲ್ಲಿ ಆ ಕೊಲೆ ಮಾಡಿದವರು ಓದುಗರೇ. ಆ ಪಟ್ಟಿಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ ಎಂಬುದರ ಮೇಲೆ ಪುಸ್ತಕದ ಉದ್ದ ನಿರ್ಧಾರವಾಗುತ್ತದೆ.

ಅಣ್ಣನ ಮಗಳಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿದೆ, ಅವಳು ಒಪ್ಪಲಿಲ್ಲ. ಆದ್ದರಿಂದ ಮರ್ಜಾನೆ ಸತ್ರಾಪಿಯ 'ಪರ್ಸೆಪೊಲಿಸ್' ಕೈಗಿಟ್ಟು ಮೊದಲ ಪುಟವನ್ನು ಮಾತ್ರ ನೋಡು ಎಂದೆ. ಇರಾನಿನಲ್ಲಿ ಕ್ರಾಂತಿಯಾದ ಮೇಲೆ ಶಾಲೆಯ ಹುಡುಗಿಯರಿಗೆ ತಲೆವಸ್ತ್ರ ಕಡ್ಡಾಯವಾದ 1980ರ ಕತೆ ಅಲ್ಲಿಂದ ಶುರುವಾಗುತ್ತದೆ. ಮೊದಲ ಚೌಕಟ್ಟಿನಲ್ಲಿ ಹತ್ತು ವರ್ಷದ ಮರ್ಜಿ, ಅಂದರೆ ಕತೆ ಹೇಳುವ ಸತ್ರಾಪಿಯೇ, ಒಬ್ಬಳೇ ಕೈಕಟ್ಟಿ ಕೂತಿದ್ದಾಳೆ. ಎರಡನೆಯದು ತರಗತಿಯ ಫೋಟೊ: ಕಪ್ಪು ತಲೆವಸ್ತ್ರದ ನಾಲ್ವರು ಹುಡುಗಿಯರು ಸಾಲಾಗಿ ಕೂತಿದ್ದಾರೆ. ಎಡ ತುದಿಯಲ್ಲಿರುವ ನಿರೂಪಕಿ ಚೌಕಟ್ಟಿನ ಅಂಚಿಗೆ ಕತ್ತರಿಸಿ ಹೋಗಿದ್ದಾಳೆ, ತಾನು ಕಾಣುವುದಿಲ್ಲ ಎಂದು ಅವಳೇ ಹೇಳುತ್ತಾಳೆ. ತಮಾಷೆಯಂತಿದೆ. ಆದರೆ ಒಂದೇ ಉಡುಪು ತೊಡಿಸಿದ ಮೇಲೆ ಒಬ್ಬ ಹುಡುಗಿಗೆ ಏನಾಗುತ್ತದೆ ಎಂಬುದನ್ನು ಸತ್ರಾಪಿ ಅಲ್ಲೇ, ಒಂದು ಗೆರೆಯಿಂದ ಹೇಳಿ ಮುಗಿಸಿದ್ದಾರೆ. ಇನ್ನೂ ನೋಡಿದರೆ ಆ ನಾಲ್ವರ ಮುಖಗಳು ಒಂದೇ ಅಲ್ಲ. ಹುಬ್ಬು, ಬಾಯಿ, ಬಟ್ಟೆಯ ಕೆಳಗಿಂದ ಇಣುಕುವ ಕೂದಲು, ಎಲ್ಲ ಬೇರೆ ಬೇರೆ. ಅಣ್ಣನ ಮಗಳು ಈ ಪುಟವನ್ನು ಒಮ್ಮೆ ತಿರುವಿ ಮುಂದೆ ಹೋದವಳು ಮತ್ತೆ ಹಿಂದಕ್ಕೆ ಬಂದಳು. ನನಗೆ ಬೇಕಾದದ್ದು ಅಷ್ಟೇ.

ಬೇಗ ಓದುವ ಚಾಳಿ ನಮಗೆ ಬಂದದ್ದು ಬಾಲ್ಯದಿಂದ, ಅದರಲ್ಲಿ ತಪ್ಪೇನೂ ಇಲ್ಲ. ಬಾಲಮಂಗಳದ ಡಿಂಗ ಮುಂದೇನು ಮಾಡಿದ ಎಂಬುದಷ್ಟೇ ಆಗ ಮುಖ್ಯ. ಬಸ್ ನಿಲ್ದಾಣದ ಪುಸ್ತಕದಂಗಡಿಯವನು ಕೊಳ್ಳುತ್ತೀರೋ ಇಲ್ಲವೋ ಎಂದು ಗದರಿಸುವ ಮೊದಲು ಮುಗಿಸಬೇಕಿತ್ತು. ಅಮರ ಚಿತ್ರಕಥೆಯೂ ಹಾಗೆಯೇ, ಒಂದೇ ಉಸಿರಿನ ಓದು. ಅಂದ ಹಾಗೆ, ಅಮರ ಚಿತ್ರಕಥೆಯ ಹೆಸರಿನಲ್ಲಿ ಮೊದಲು ಬಂದದ್ದು ಕನ್ನಡದ ಪುಸ್ತಕಗಳು ಎಂದರೆ ನಮ್ಮ ಕಚೇರಿಯಲ್ಲಿ ಯಾರೂ ನಂಬುವುದಿಲ್ಲ. 1965ರಲ್ಲಿ ಅದರ ಪ್ರಕಾಶಕರಾದ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಉತ್ಸಾಹದಿಂದ ಪಾಶ್ಚಾತ್ಯ ಮಕ್ಕಳ ಕತೆಗಳು ಕನ್ನಡದಲ್ಲಿ ಅಚ್ಚಾದವು. ಸಂಪಾದಕ ಅನಂತ ಪೈ ಅವರು ನಮ್ಮ ಪುರಾಣ, ಇತಿಹಾಸಗಳತ್ತ ಸರಣಿಯನ್ನು ತಿರುಗಿಸಿದ್ದು ಅದರ ನಂತರ. ಆದ್ದರಿಂದಲೇ ನಮ್ಮ ಕತೆಗಳಲ್ಲಿ ಮೊದಲನೆಯದಾದ 'ಕೃಷ್ಣ' ಪುಸ್ತಕದ ಸಂಖ್ಯೆ ಒಂದಲ್ಲ, ಹನ್ನೊಂದು.

ಆ ಓದಿನ ವೇಗವನ್ನು ಆರ್ಟ್ ಸ್ಪೀಗೆಲ್‌ಮನ್ನರ 'ಮೌಸ್' ಮುಂದೆ ಇಟ್ಟರೆ ಕೆಲಸಕ್ಕೆ ಬರುವುದಿಲ್ಲ. ಹಿಟ್ಲರನ ಮರಣಶಿಬಿರದಿಂದ ಬದುಕಿ ಬಂದ ತಂದೆಯ ಕತೆಯನ್ನು ಮಗ ಬರೆಯುತ್ತಾನೆ. ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. ಎರಡು ಭಾಗಗಳು 1986 ಮತ್ತು 1991ರಲ್ಲಿ ಬಂದವು, 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಇಷ್ಟು ಎಲ್ಲರಿಗೂ ಗೊತ್ತು. ಎರಡನೆಯ ಭಾಗದಲ್ಲಿ ಒಂದು ಪುಟವಿದೆ, ಅದರ ಮುಂದೆ ನನ್ನ ಮಧ್ಯಾಹ್ನಗಳು ಹೋಗಿವೆ. ಲೇಖಕ ಚಿತ್ರ ಬರೆಯುವ ಮೇಜಿನ ಮುಂದೆ ಕೂತಿದ್ದಾನೆ. ಈಗ ಅವನು ಇಲಿಯಲ್ಲ. ಇಲಿಯ ಮುಖವಾಡ ಕಟ್ಟಿಕೊಂಡ ಮನುಷ್ಯ, ದಾರವೂ ಕಾಣುತ್ತದೆ. ಸುತ್ತ ನೊಣಗಳು. ಅಪ್ಪ ಸತ್ತದ್ದು, ಪುಸ್ತಕ ಗೆದ್ದದ್ದು, ಹೀಗೆ ದಿನಾಂಕಗಳನ್ನು ಹೇಳುತ್ತ ಹೋಗುತ್ತಾನೆ. ನೊಣ ಯಾಕೆ ಎಂದು ಮೇಲಿನ ಚೌಕಟ್ಟುಗಳು ಹೇಳುವುದಿಲ್ಲ. ಪುಟದ ಕೊನೆಯ ದೊಡ್ಡ ಚೌಕಟ್ಟಿನಲ್ಲಿ ನೋಟ ಹಿಂದಕ್ಕೆ ಸರಿದಾಗ ಮೇಜಿನ ಕೆಳಗೆ ಇಲಿದೇಹಗಳ ರಾಶಿ, ಕಿಟಕಿಯಾಚೆ ಶಿಬಿರದ ಕಾವಲುಗೋಪುರ. ತನ್ನ ಯಶಸ್ಸು ಯಾವುದರ ಮೇಲೆ ನಿಂತಿದೆ ಎಂಬ ಅವನ ಸಂಕಟವನ್ನು ಗದ್ಯದಲ್ಲಿ ಬರೆದಿದ್ದರೆ ಅದು ಆತ್ಮಮರುಕವಾಗುತ್ತಿತ್ತು. ಇಲ್ಲಿ ಅದು ಮೇಜಿನ ಕೆಳಗೆ ಸುಮ್ಮನೆ ಬಿದ್ದಿದೆ, ಕಂಡವರಿಗೆ ಕಾಣುತ್ತದೆ. ಈ ಪುಟ ತಿರುವಿದ ತಕ್ಷಣ ಮುಂದಿನದಕ್ಕೆ ಹೋಗುವವರ ಧೈರ್ಯ ನನಗಿಲ್ಲ. ಆ ದಿನ ಅಲ್ಲಿಗೇ ನಿಲ್ಲಿಸಿ ಚಹಾಕ್ಕೆ ಏಳುತ್ತೇನೆ. ರಜೆ ಬೇಕಾಗುವುದು ಇಂಥದ್ದಕ್ಕೆ.

ವಿದೇಶದ ಮಾತೇ ಆಯಿತು ಎನ್ನುವವರಿಗೆ 'ಭೀಮಾಯಣ' ಇದೆ. 2011ರಲ್ಲಿ ನವಯಾನ ಪ್ರಕಾಶನದಿಂದ ಬಂದ ಪುಸ್ತಕ. ಅಂಬೇಡ್ಕರರು ಅಸ್ಪೃಶ್ಯತೆಯಿಂದ ಅನುಭವಿಸಿದ್ದನ್ನು ನೀರು, ಆಸರೆ, ಪ್ರಯಾಣ ಎಂಬ ಮೂರು ನೆಲೆಯಲ್ಲಿ ಹೇಳುತ್ತದೆ. ಬರೆದವರು ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್, ಚಿತ್ರಿಸಿದವರು ಮಧ್ಯಪ್ರದೇಶದ ಪರ್ಧಾನ್ ಗೊಂಡ ಬುಡಕಟ್ಟಿನ ಕಲಾವಿದ ದಂಪತಿ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಪಾತ್ರಗಳನ್ನು ಪೆಟ್ಟಿಗೆಯಲ್ಲಿ ತುಂಬಿದರೆ ಅವಕ್ಕೆ ಉಸಿರು ಕಟ್ಟುತ್ತದೆ ಎಂದು ಅವರು ಚೌಕಟ್ಟುಗಳನ್ನೇ ನಿರಾಕರಿಸಿದರು. ಬದಲಿಗೆ ಗೊಂಡರ ಮನೆಗಳ ಗೋಡೆ, ನೆಲದ ಅಲಂಕಾರದ ಬಳ್ಳಿಯಂಥ ಗೆರೆಗಳು ಪುಟವನ್ನು ಹಂಚುತ್ತವೆ. ಓದುವ ದಾರಿಯನ್ನು ಕಣ್ಣೇ ಹುಡುಕಿಕೊಳ್ಳಬೇಕು. ಮಾತಿನ ಗುಳ್ಳೆಗಳೂ ಎರಡು ಬಗೆ: ಸೌಮ್ಯರ ಮಾತು ಹಕ್ಕಿಯ ಆಕಾರದಲ್ಲಿರುತ್ತದೆ, ವಿಷ ಕಾರುವವರ ಮಾತಿಗೆ ಚೇಳಿನ ಕೊಂಡಿ ಇರುತ್ತದೆ. ಇದು ತಿಳಿದ ಮೇಲೆ ಪುಟ ತೆರೆದೊಡನೆ, ಒಂದು ಅಕ್ಷರ ಓದುವ ಮೊದಲೇ, ಇಲ್ಲಿ ಯಾರು ಯಾರನ್ನು ಕುಟುಕುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಚಿತ್ರದ ಪಕ್ಕದಲ್ಲಿ ಎರಡು ಮಾತು ಕೆತ್ತಿ ಕತೆ ಹೇಳುವುದು ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ, ಭೀಮಾ ತೀರದ ಕನಗನಹಳ್ಳಿಯಲ್ಲಿ ಉತ್ಖನನದಲ್ಲಿ ಸಿಕ್ಕ ಬೌದ್ಧ ಸ್ತೂಪದ ಚಪ್ಪಡಿಗಳನ್ನು ನೋಡಿ. ಬುದ್ಧನ ಬದುಕು, ಜಾತಕ ಕತೆಗಳು, ರಾಜರು ಎಲ್ಲ ಸುಣ್ಣದ ಕಲ್ಲಿನಲ್ಲಿವೆ. ಅವುಗಳಿಗೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಪುಟ್ಟ ಶೀರ್ಷಿಕೆಗಳೂ ಇವೆ. ರಾಣಿಯರ ಜೊತೆ ನಿಂತ ರಾಜನ ಚಿತ್ರದ ಮೇಲೆ ರಾಜ ಅಶೋಕನೆಂದು ಹೆಸರೇ ಕೆತ್ತಿದೆ. ಅಂದು ಪ್ರದಕ್ಷಿಣೆ ಹಾಕುವ ಭಕ್ತನಿಗೆ ಒಂದು ಚಪ್ಪಡಿಯಿಂದ ಇನ್ನೊಂದಕ್ಕೆ ಕಾಲಲ್ಲೇ ನಡೆದು ಹೋಗಬೇಕಿತ್ತು. ಅವಸರದ ಓದಿಗೆ ಅಲ್ಲಿ ಅವಕಾಶವೇ ಇರಲಿಲ್ಲ.

ಇನ್ನು ರಜೆಯ ಲೆಕ್ಕ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು ಓದಿಗಲ್ಲ. ಕೈಯ ಬೆವರಿಗೆ ಕಪ್ಪು ಶಾಯಿಯ ನುಣುಪು ಕಾಗದ ಹಾಳಾಗುತ್ತದೆ, ತಲೆಯೂ ಓಡುವುದಿಲ್ಲ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಶುಕ್ರವಾರವೋ ಸೋಮವಾರವೋ ಬಿದ್ದರೆ ಒಳ್ಳೆಯದು, ಧ್ವಜಾರೋಹಣ ಮುಗಿಸಿ ಬಂದರೆ ಮುಂದಿನ ಹೊತ್ತು ನಮ್ಮದು. ಎಲ್ಲಕ್ಕಿಂತ ಒಳ್ಳೆಯದು ಎಳ್ಳ ಅಮಾವಾಸ್ಯೆ ವಾರಾಂತ್ಯಕ್ಕೆ ಅಂಟಿಕೊಂಡು ಬರುವುದು. ಚಳಿಗಾಲ, ಊರೆಲ್ಲ ಹೊಲದಲ್ಲಿ. ಮೊದಲ ದಿನ ನಾನೂ ಹೋಗುತ್ತೇನೆ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ತಿಂದು ಬರುವುದನ್ನು ಬಿಟ್ಟು ಓದುವಷ್ಟು ದೊಡ್ಡ ಓದುಗ ನಾನಲ್ಲ. ಉಳಿದ ದಿನ ಬಾಗಿಲು ಬಡಿಯುವವರು ಇರುವುದಿಲ್ಲ.

ಬಾಕಿ ತೀರಿಸುವುದು ಎಂದರೆ ಗುಡ್ಡೆಯನ್ನು ಮೇಲಿನಿಂದ ಕೆಳಗೆ ಓದುವುದಲ್ಲ. 'ಮೌಸ್' ಆದ ಮೇಲೆ ಜೋ ಸ್ಯಾಕೊ ಕಾಮಿಕ್ಸ್ ರೂಪದಲ್ಲಿ ಬರೆದ ಪ್ಯಾಲೆಸ್ಟೀನ್ ವರದಿಗಳನ್ನು ಎತ್ತಿಕೊಂಡರೆ ಎರಡೂ ಮಂಕಾಗುತ್ತವೆ, ನಡುವೆ ಟಿಂಕಲ್‌ನಂಥದ್ದು ಒಂದು ಇರಲಿ. ನೂರು ಸಂಪುಟ ದಾಟಿದ ಜಪಾನಿ ಮಾಂಗಾ ಸರಣಿಯನ್ನು ಸಾಲು ರಜೆಯಲ್ಲಿ ಶುರು ಮಾಡಲೇಬೇಡಿ. ಅದು ರಜೆಯ ಓದಲ್ಲ, ನಿವೃತ್ತಿಯ ಓದು. ಅದು ಬಲದಿಂದ ಎಡಕ್ಕೆ ಸಾಗುವುದಕ್ಕೆ ಕಣ್ಣು ಒಗ್ಗಲು ಹೇಗೂ ಒಂದು ಹೊತ್ತು ಬೇಕು. ಉರ್ದು ಓದಬಲ್ಲ ನಮ್ಮೂರಿನ ಗೆಳೆಯರಿಗೆ ಮಾತ್ರ ಆ ಕಷ್ಟ ಇಲ್ಲ.

ಮೊಬೈಲಿನಲ್ಲಿ ಓದಿದರೆ ಆಗದೇ ಎಂದೂ ಕೇಳುತ್ತಾರೆ. ಆಗುತ್ತದೆ, ಆದರೆ ಅಲ್ಲಿನ ಎಷ್ಟೋ ಆ್ಯಪ್‌ಗಳು ಒಂದೊಂದೇ ಚೌಕಟ್ಟನ್ನು ದೊಡ್ಡದು ಮಾಡಿ ತೋರಿಸುತ್ತವೆ, ಪುಟ ಕಾಣುವುದಿಲ್ಲ. 'ಮೌಸ್'ನ ಆ ಪುಟದಲ್ಲಿ ನೊಣಗಳು ಮತ್ತು ರಾಶಿ ಒಂದೇ ನೋಟದಲ್ಲಿ ಕಣ್ಣಿಗೆ ಬೀಳಬೇಕು. ಸ್ಪೀಗೆಲ್‌ಮನ್ ಅಚ್ಚಾಗುವ ಅಳತೆಯಲ್ಲೇ ಚಿತ್ರ ಬರೆದವರು. ಅದನ್ನು ಅಂಗೈ ಪರದೆಗೆ ತುಂಬುವುದು ಅವರ ಶ್ರಮಕ್ಕೆ ಅವಮಾನ. ಪುಸ್ತಕ ಬೇಕೆಂದರೆ ಕಲಬುರಗಿಯಲ್ಲಿ ಆಯ್ಕೆ ಕಡಿಮೆ. ನಾನು ಆನ್‌ಲೈನಿನಲ್ಲಿ ತರಿಸುತ್ತೇನೆ, ಅಥವಾ ಹೈದರಾಬಾದಿಗೆ ಕೆಲಸ ಬಿದ್ದರೆ ಭಾನುವಾರಕ್ಕೆ ಹೊಂದಿಸಿಕೊಂಡು ಆಬಿಡ್ಸ್‌ನ ಫುಟ್‌ಪಾತಿನ ಹಳೆಯ ಪುಸ್ತಕಗಳ ಸಾಲಿಗೆ ಹೋಗುತ್ತೇನೆ. ಅಲ್ಲಿ ಚೌಕಾಸಿ ಮಾಡಲು ಬಂದರೆ ಅರ್ಧ ಗೆದ್ದಂತೆ.

ಬೆಲೆಯ ಬಗ್ಗೆಯೂ ಒಂದು ಮಾತು. "ಒಂದು ತಾಸಿನ ಪುಸ್ತಕಕ್ಕೆ ಅಷ್ಟು ದುಡ್ಡೇ?" ಎಂದು ಕೇಳುವವರು ಬರೆದವರ ತಾಸುಗಳನ್ನು ಎಣಿಸುವುದಿಲ್ಲ. 'ಮೌಸ್' ಮುಗಿಯಲು ಹದಿಮೂರು ವರ್ಷ ಹಿಡಿಯಿತು. ಕನ್ನಡದಲ್ಲಿ ಕಾದಂಬರಿ ಬರೆಯುವವರು ನೌಕರಿ ಮಾಡುತ್ತ ಬೆಳಗಿನ ಜಾವ ಬರೆದು ಮುಗಿಸುತ್ತಾರೆ. ಚಿತ್ರದ ಕಾದಂಬರಿ ಹಾಗೆ ಆಗುವುದಿಲ್ಲ. ಒಂದೊಂದು ಪುಟಕ್ಕೂ ದಿನಗಟ್ಟಲೆ ಕೂರಬೇಕು, ಅಷ್ಟು ಕಾಲ ಕಲಾವಿದರ ಮನೆ ನಡೆಯಬೇಕು. ಆ ಖರ್ಚನ್ನು ಹೊರುವ ಪ್ರಕಾಶಕರು ನಮ್ಮಲ್ಲಿ ಅಪರೂಪ. ಕನ್ನಡದ ಕಪಾಟಿನಲ್ಲಿ ಗ್ರಾಫಿಕ್ ಕಾದಂಬರಿಗಳು ಬೆರಳೆಣಿಕೆಯಷ್ಟೇ ಇರುವುದಕ್ಕೆ ಕತೆಗಳ ಬರ ಕಾರಣವಲ್ಲ.

ಕತೆ ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯಲ್ಲೇ ಇದೆ. ಸುರಪುರದ ಬಾಲರಾಜ ವೆಂಕಟಪ್ಪ ನಾಯಕ, ಅವನನ್ನು ನೋಡಿಕೊಳ್ಳಲು ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಹುಡುಗ ಆ ಅಧಿಕಾರಿಯನ್ನು 'ಅಪ್ಪಾ' ಎಂದು ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮುಂದೆ ಹುಡುಗ ದೊರೆಯಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತು ಸೆರೆಯಾದ, ಅದೇ ವರ್ಷ ಗುಂಡೇಟಿಗೆ ಸತ್ತ. ಗುಂಡು ಯಾರ ಕೈಯಿಂದ ಹಾರಿತು ಎಂಬುದರ ಬಗ್ಗೆ ಇಂದಿಗೂ ವಾದವಿದೆ. ಎರಡು ಚೌಕಟ್ಟುಗಳ ನಡುವಿನ ಬಿಳಿ ಪಟ್ಟಿಗೆ ಇದಕ್ಕಿಂತ ತಕ್ಕ ಘಟನೆ ಎಲ್ಲಿ ಸಿಕ್ಕೀತು? ಜೊತೆಗೆ ಸುರಪುರಕ್ಕೆ ತನ್ನದೇ ಚಿತ್ರಕಲಾ ಪರಂಪರೆ ಇದೆ, ಗುಡ್ಡದ ಮೇಲೆ ಟೇಲರನ ಬಂಗಲೆ ಇನ್ನೂ ನಿಂತಿದೆ. ಯಾರಾದರೂ ಬರೆಯಲು ಹೊರಟರೆ ಕಲಬುರಗಿಯಿಂದ ಅವರ ಜೊತೆ ಬಸ್ ಹತ್ತಲು ನಾನು ತಯಾರು. ಸಾಲು ರಜೆಯಲ್ಲಿ ಮಾತ್ರ ಕರೆಯಬೇಡಿ.